ಅಂಚಿಗೆ ಸೀಸ ಹೊಲಿದ ಈಜುಡುಗೆ

1904ರ ಜೂನ್ 15ರಂದು ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ ‘ಜನರಲ್ ಸ್ಲೋಕಮ್’ ಎಂಬ ಉಗಿಹಡಗಿಗೆ ಬೆಂಕಿ ಹತ್ತಿಕೊಂಡಿತು. ಅದರಲ್ಲಿದ್ದವರು ಚರ್ಚೊಂದರ ವಾರ್ಷಿಕ ವಿಹಾರಕ್ಕೆ ಹೊರಟಿದ್ದ ಜರ್ಮನ್ ಮೂಲದ ಹೆಂಗಸರು, ಮಕ್ಕಳೇ ಹೆಚ್ಚು. ದಡ ಕಣ್ಣಳತೆಯಲ್ಲೇ ಇತ್ತು. ಆದರೂ ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಬೆಂಕಿ ಆರಿಸುವ ಕೊಳವೆಗಳು ಕೊಳೆತಿದ್ದವು, ಜೀವರಕ್ಷಕ ಅಂಗಿಗಳೊಳಗಿನ ಬೆಂಡು ಹುಡಿಯಾಗಿತ್ತು ಎಂಬುದು ತನಿಖೆಯಿಂದ ಹೊರಬಿತ್ತು. ತನಿಖೆಯ ಅಗತ್ಯವೇ ಇಲ್ಲದೆ ಎಲ್ಲರಿಗೂ ತಿಳಿದ ಸಂಗತಿ ಇನ್ನೊಂದಿತ್ತು. ನೀರಿಗೆ ಹಾರಿದ ಹೆಂಗಸರಲ್ಲಿ ಬಹುಪಾಲಿನವರಿಗೆ ಈಜು ಬರುತ್ತಿರಲಿಲ್ಲ. ಬಂದಿದ್ದರೂ ಮೈಮೇಲಿನ ಬಟ್ಟೆ ಈಜಗೊಡುತ್ತಿರಲಿಲ್ಲ.

ಆ ಕಾಲದ ಹೆಂಗಸರು ನೀರಿಗೆ ಇಳಿಯುತ್ತಲೇ ಇರಲಿಲ್ಲವೆಂದಲ್ಲ. ಕಡಲತೀರಕ್ಕೆ ಹೋಗುವುದು ಯೂರೋಪು, ಅಮೆರಿಕಗಳ ಉಳ್ಳವರಿಗೆ ಅಷ್ಟರಲ್ಲಾಗಲೇ ಹಳೆಯ ರೂಢಿ. ಆದರೆ ಅವರು ತೊಡುತ್ತಿದ್ದುದು ಈಜಲು ಹೊಲಿದದ್ದಲ್ಲ, ಮರೆಮಾಚಲು ಹೊಲಿದದ್ದು. ಉಣ್ಣೆಯ ಅಥವಾ ಫ್ಲಾನೆಲ್ಲಿನ ಮೇಲಂಗಿ, ಮೊಣಕಾಲು ಮುಟ್ಟುವ ಲಂಗ, ಅದರಡಿ ಸಡಿಲ ಷರಾಯಿ, ಕಪ್ಪು ಕಾಲುಚೀಲ, ಮೇಲೆ ಬೂಟು. ಇದಕ್ಕೂ ಹಿಂದಿನ ಸ್ಥಿತಿ ತಿಳಿಯಬೇಕಾದರೆ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಮನೆ ಮೌಂಟ್ ವರ್ನನ್‌ನ ಸಂಗ್ರಹವನ್ನು ನೋಡಬೇಕು. ಅವರ ಪತ್ನಿ ಮಾರ್ಥಾ ಅವರ ಸ್ನಾನದ ನಿಲುವಂಗಿ ಅಲ್ಲಿದೆ. ನೀಲಿ ಚೌಕುಳಿಯ ಆ ಅಂಗಿಯ ಅಂಚಿನೊಳಗೆ ಸೀಸದ ಬಿಲ್ಲೆಗಳನ್ನಿಟ್ಟು ಹೊಲಿಯಲಾಗಿದೆ. ನೀರಿನಲ್ಲಿ ಅಂಗಿ ಮೇಲೆ ತೇಲಿ ಕಾಲು ಕಾಣದಿರಲಿ ಎಂದು. ಮುಳುಗಿದರೆ ಮಾನ ಉಳಿಯುತ್ತದೆ ಎಂಬ ತರ್ಕ ಅದು!

ನಮ್ಮ ಕಡೆಯ ಕಥೆ ತೀರಾ ಬೇರೆಯೇನಲ್ಲ. ಬೆನ್ನಿಗೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ ಹುಡುಗರನ್ನು ಬಾವಿಗೆ ನೂಕಿ ಈಜು ಕಲಿಸಿದ ಊರುಗಳಲ್ಲಿ ಹುಡುಗಿಯರು ಹೆಚ್ಚಾಗಿ ದಂಡೆಯ ಮೇಲೆ ನಿಂತು ನೋಡಿದವರು. ನೆನೆದ ಸೀರೆಯ ತೂಕ ಎಷ್ಟೆಂಬುದನ್ನು ಕೆರೆಯಲ್ಲಿ ಬಟ್ಟೆ ಒಗೆದು ಹಿಂಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ತೂಕವನ್ನು ಇಳಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಆನೆಟ್ ಕೆಲರ್ಮನ್. 1886ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಹುಟ್ಟಿದ ಈಕೆಯ ಕಾಲುಗಳು ಎಳವೆಯಲ್ಲಿ ದುರ್ಬಲವಾಗಿದ್ದವು. ಉಕ್ಕಿನ ಪಟ್ಟಿಗಳನ್ನು ಕಟ್ಟಿಕೊಂಡು ನಡೆಯಬೇಕಾಗಿತ್ತು. ಕಾಲಿಗೆ ಬಲ ಬರಲೆಂದು ತಂದೆತಾಯಿ ಈಜಿಗೆ ಹಚ್ಚಿದರು. ಕಾಲು ಸರಿಹೋಯಿತು, ಹುಡುಗಿ ನೀರು ಬಿಟ್ಟು ಬರಲಿಲ್ಲ. 1905ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಲು ಮೂರು ಬಾರಿ ಯತ್ನಿಸಿ ಸೋತಳು. ಲಂಡನ್ನಿನಲ್ಲಿ ರಾಜಮನೆತನದವರ ಮುಂದೆ ಈಜು ಪ್ರದರ್ಶನಕ್ಕೆ ಕರೆ ಬಂದಾಗ ಬರಿಗಾಲು ತೋರಿಸಕೂಡದೆಂಬ ಷರತ್ತು ಎದುರಾಯಿತು. ಆಕೆ ಉದ್ದನೆಯ ಕಪ್ಪು ಕಾಲುಚೀಲ ಕೊಂಡು ತನ್ನ ಈಜುಡುಗೆಗೆ ಹೊಲಿದುಬಿಟ್ಟಳು. ಲಂಗವೂ ಇಲ್ಲ, ಬರಿಗಾಲೂ ಇಲ್ಲ. ಮೈಗೆ ಅಂಟಿಕೊಳ್ಳುವ ಒಂದೇ ತುಂಡಿನ ಈ ಉಡುಪಿಗೆ ಮುಂದೆ ಆಕೆಯ ಹೆಸರೇ ಅಂಟಿಕೊಂಡಿತು.

1907ರಲ್ಲಿ ಬಾಸ್ಟನ್ ಬಳಿಯ ರಿವಿಯರ್ ತೀರದಲ್ಲಿ ಇದೇ ಉಡುಪು ತೊಟ್ಟಿದ್ದಕ್ಕೆ ಪೊಲೀಸರು ಆಕೆಯನ್ನು ಬಂಧಿಸಿದರೆಂಬ ಕಥೆ ಎಲ್ಲ ಪುಸ್ತಕಗಳಲ್ಲೂ ಬರುತ್ತದೆ. ಆದರೆ ಹುಡುಕಿದವರಿಗೆ ಆ ವರ್ಷದ ಪತ್ರಿಕೆಗಳಲ್ಲಿ ಅಂಥ ವರದಿ ಸಿಕ್ಕಿಲ್ಲ; ಅದು ಬಹಳ ವರ್ಷಗಳ ನಂತರ ಆಕೆಯೇ ಹೇಳಿಕೊಂಡದ್ದು. ರಂಗದ ಮೇಲೆ ದುಡಿದ ಹೆಣ್ಣುಮಗಳು, ಪ್ರಚಾರದ ಕಲೆ ಬಲ್ಲವಳು. ನನಗೆ ಅದಕ್ಕಿಂತ ಕುತೂಹಲಕರವಾಗಿ ಕಾಣುವುದು ಆಮೇಲೆ ನಡೆದದ್ದು. ಹಾರ್ವರ್ಡ್ ವಿಶ್ವವಿದ್ಯಾಲಯದ ಡಡ್ಲಿ ಸಾರ್ಜೆಂಟ್ ಎಂಬ ಪ್ರಾಧ್ಯಾಪಕರು ಸಾವಿರಾರು ಹೆಂಗಸರ ಮೈಯಳತೆ ತೆಗೆದಿದ್ದವರು. ಅವರು ಕೆಲರ್ಮನ್ನಳ ಅಳತೆಯನ್ನೂ ತೆಗೆದು, ಮಿಲೋದ ವೀನಸ್ ಶಿಲ್ಪಕ್ಕೆ ಅತ್ಯಂತ ಸಮೀಪದ ‘ಪರಿಪೂರ್ಣ ಸ್ತ್ರೀ’ ಈಕೆಯೇ ಎಂದು ಸಾರಿದರು. 1918ರಲ್ಲಿ ಆಕೆ ಎರಡು ಪುಸ್ತಕ ಬರೆದಳು: ಒಂದು ಈಜುವುದು ಹೇಗೆಂದು, ಇನ್ನೊಂದು ದೇಹಸೌಂದರ್ಯ ಕಾಪಾಡಿಕೊಳ್ಳುವುದು ಹೇಗೆಂದು. ಪಟ್ಟಿ ಕಟ್ಟಿಕೊಂಡು ಕುಂಟಿದ್ದ ಹುಡುಗಿ ಉಳಿದ ಹೆಂಗಸರಿಗೆ ಅಳತೆಗೋಲಾಗಿದ್ದಳು. ಬಟ್ಟೆ ಹಗುರವಾಯಿತು, ನೋಡುವ ಕಣ್ಣು ಭಾರವಾಯಿತು.

ಅಳತೆಗೋಲು ಎಂಬುದು ಬರೀ ಮಾತಲ್ಲ. 1922ರಲ್ಲಿ ವಾಷಿಂಗ್ಟನ್ ನಗರದ ಸ್ನಾನತೀರದಲ್ಲಿ ಅಧಿಕಾರಿಯೊಬ್ಬ ಟೇಪು ಹಿಡಿದು, ಮೊಣಕಾಲಿಗೂ ಈಜುಡುಗೆಯ ಅಂಚಿಗೂ ನಡುವಿನ ಅಂತರ 6 ಅಂಗುಲ ಮೀರಿದೆಯೇ ಎಂದು ಅಳೆಯುತ್ತಿರುವ ಛಾಯಾಚಿತ್ರಗಳು ಈಗಲೂ ಇವೆ. ಅದರ ಹಿಂದಿನ ವರ್ಷವಷ್ಟೇ ಅಟ್ಲಾಂಟಿಕ್ ಸಿಟಿಯಲ್ಲಿ ಈಜುಡುಗೆಯ ಸುಂದರಿಯರಿಗೆ ಬಹುಮಾನ ಕೊಡುವ ಸ್ಪರ್ಧೆ ಶುರುವಾಗಿತ್ತು. ಅದೇ ಮುಂದೆ ‘ಮಿಸ್ ಅಮೆರಿಕ’ ಆಯಿತು. ಈಜುಡುಗೆಯ ಸುತ್ತನ್ನು ಅದು ಕೈಬಿಟ್ಟಿದ್ದು 2018ರಲ್ಲಿ.

ಅತ್ತ ನ್ಯೂಯಾರ್ಕಿನಲ್ಲಿ ನ್ಯಾಯಾಲಯದ ಶೀಘ್ರಲಿಪಿಗಾರ್ತಿ ಷಾರ್ಲಟ್ ಎಪ್‌ಸ್ಟೀನ್ 1917ರಲ್ಲಿ ಮಹಿಳಾ ಈಜು ಸಂಘವೊಂದನ್ನು ಕಟ್ಟಿದರು. ಅಲ್ಲಿ ಪಳಗಿದ ಗರ್ಟ್ರೂಡ್ ಎಡರ್ಲಿ 1926ರ ಆಗಸ್ಟ್ 6ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನು ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ ದಾಟಿದಳು. ಆಕೆಗಿಂತ ಮೊದಲು ದಾಟಿದ್ದ 5 ಗಂಡಸರಲ್ಲಿ ಯಾರೂ ಅಷ್ಟು ಬೇಗ ದಾಟಿರಲಿಲ್ಲ. ಒಂದೇ ತುಂಡಿನ ಉಡುಪು ಉಜ್ಜಿ ಚರ್ಮ ಸುಲಿಯುತ್ತದೆಂದು ಅಕ್ಕತಂಗಿಯರಿಬ್ಬರೂ ಕೂತು ಅದನ್ನು ಎರಡು ತುಂಡಾಗಿ ಹೊಲಿದಿದ್ದರು. 1946ರಲ್ಲಿ ಪ್ಯಾರಿಸ್ಸಿನ ಲೂಯಿ ರೇಆರ್ ‘ಬಿಕಿನಿ’ ತೋರಿಸಿ ಸುದ್ದಿ ಮಾಡುವುದಕ್ಕೆ ಇಪ್ಪತ್ತು ವರ್ಷ ಮೊದಲಿನ ಮಾತಿದು. ಅದೇ ಕಾಲುವೆಯನ್ನು 1959ರ ಸೆಪ್ಟೆಂಬರ್ 29ರಂದು ಕಲ್ಕತ್ತೆಯ ಆರತಿ ಸಾಹಾ 16 ಗಂಟೆ 20 ನಿಮಿಷಗಳಲ್ಲಿ ದಾಟಿ, ಹಾಗೆ ದಾಟಿದ ಮೊದಲ ಏಷ್ಯಾದ ಮಹಿಳೆ ಎನಿಸಿದರು. ಬೆಂಗಳೂರಿನ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ಗೂ ಶಿಖಾ ಟಂಡನ್ 2004ರ ಅಥೆನ್ಸ್‌ಗೂ ಹೋದರು.

ಹಾಗಿದ್ದರೂ ಈಜುಡುಗೆ ತೊಟ್ಟೊಡನೆ ಮೈ ಮುದುಡುವುದೇಕೆ? ಅಮೆರಿಕದ ಮನೋವಿಜ್ಞಾನಿ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಸಂಗಡಿಗರು 1998ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕನ್ನಡಿಯಿರುವ ಕೋಣೆಗೆ ಕಳಿಸಿ, ಕೆಲವರಿಗೆ ಸ್ವೆಟರ್, ಕೆಲವರಿಗೆ ಈಜುಡುಗೆ ತೊಡಲು ಹೇಳಿ, ಹಾಗೆಯೇ ಲೆಕ್ಕ ಬಿಡಿಸಲು ಕೊಟ್ಟರು. ಈಜುಡುಗೆ ತೊಟ್ಟ ಯುವತಿಯರು ಸ್ವೆಟರ್ ತೊಟ್ಟವರಿಗಿಂತ ಕಡಿಮೆ ಅಂಕ ಪಡೆದರು. ಯುವಕರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಗಮನಿಸಿ, ಕೋಣೆಯಲ್ಲಿ ನೋಡುವವರು ಯಾರೂ ಇರಲಿಲ್ಲ. ಪರರ ಕಣ್ಣಿನಿಂದ ತನ್ನನ್ನೇ ನೋಡಿಕೊಳ್ಳುವ ಕೆಲಸಕ್ಕೆ ಮನಸ್ಸಿನ ಒಂದು ಪಾಲು ಹೋಗುತ್ತದೆ, ಲೆಕ್ಕಕ್ಕೆ ಉಳಿಯುವುದು ಮಿಕ್ಕಿದ್ದು ಎಂಬುದು ಅವರ ವಿವರಣೆ. 2004ರಲ್ಲಿ ಬೇರೊಂದು ತಂಡ ಗಂಡಸರಿಗೂ ಮೈಗಂಟುವ ಸ್ಪೀಡೋ ತೊಡಿಸಿ ನೋಡಿದಾಗ ಅವರ ಅಂಕವೂ ಇಳಿಯಿತು. ಅಂದಮೇಲೆ ತೊಡಕಿರುವುದು ಮೈಯ ದಪ್ಪ-ಸಣ್ಣದಲ್ಲಿ ಅಲ್ಲ. ಈಜು ಬಲ್ಲವರನ್ನು ಕೇಳಿ ನೋಡಿ: ಕೊಳದ ದಂಡೆಯಿಂದ ನೀರಿನವರೆಗಿನ ಹತ್ತು ಹೆಜ್ಜೆಯೇ ಕಷ್ಟ, ನೀರಿಗಿಳಿದ ಮೇಲೆ ಮೈ ಮರೆತುಹೋಗುತ್ತದೆ.

ಟೇಪು ಹಿಡಿದವರು ಮಾತ್ರ ಇನ್ನೂ ಇದ್ದಾರೆ, ಅಳೆಯುವ ದಿಕ್ಕು ಬದಲಾಗಿದೆ ಅಷ್ಟೆ. 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ಆಟಗಾರ್ತಿಯರು ಬಿಕಿನಿ ಚಡ್ಡಿಯ ಬದಲು ತುಸು ಉದ್ದದ ಚಡ್ಡಿ ತೊಟ್ಟರೆಂದು 1,500 ಯೂರೋ ದಂಡ ಬಿತ್ತು. ಟೀಕೆ ಜೋರಾದ ಮೇಲೆ ನಿಯಮ ಬದಲಾಯಿತು. 2016ರಲ್ಲಿ ಫ್ರಾನ್ಸಿನ ಹಲವು ಕಡಲೂರುಗಳು ಮೈಪೂರ್ತಿ ಮುಚ್ಚುವ ‘ಬುರ್ಕಿನಿ’ಯನ್ನು ನಿಷೇಧಿಸಿದವು. ಅವುಗಳಲ್ಲೊಂದರ ಆಜ್ಞೆಯನ್ನು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಆಗಸ್ಟ್ 26ರಂದು ತಡೆಹಿಡಿಯಿತು.

ಬುರ್ಕಿನಿಯನ್ನು 2004ರಲ್ಲಿ ರೂಪಿಸಿದ ಅಹೇಡಾ ಝನೆಟ್ಟಿ ಸಿಡ್ನಿಯವರು, ಕೆಲರ್ಮನ್ನಳ ಊರಿನವರೇ. ಕಾಲುಚೀಲ ಹೊಲಿದ ಕೆಲರ್ಮನ್ ಉಡುಪು ಕೂಡ ತೋಳು ಬಿಟ್ಟರೆ ಕುತ್ತಿಗೆಯಿಂದ ಕಾಲ್ಬೆರಳವರೆಗೆ ಮುಚ್ಚುತ್ತಿತ್ತು. ಉಣ್ಣೆಯಂತೆ ನೀರು ಹೀರಿ ಜಗ್ಗದ ಪಾಲಿಯೆಸ್ಟರ್ ಬಟ್ಟೆಯಾದ್ದರಿಂದ ಬುರ್ಕಿನಿ ತೊಟ್ಟವರು ಸರಾಗವಾಗಿ ಈಜಬಲ್ಲರು. 2007ರಲ್ಲಿ ಸಿಡ್ನಿಯ ಕ್ರೊನುಲ್ಲಾ ತೀರದಲ್ಲಿ ಯುವತಿಯೊಬ್ಬಳು ಕೆಂಪು-ಹಳದಿ ಬಣ್ಣದ ಬುರ್ಕಿನಿ ತೊಟ್ಟು, ಮುಳುಗುವವರನ್ನು ಎತ್ತಿ ತರುವ ಜೀವರಕ್ಷಕಿಯಾಗಿ ಕೆಲಸಕ್ಕೆ ನಿಂತಳು.