ಹಳೆಯ ಪೆನ್ನಿನ ಜಾತಕ

ಹಳೆಯ ಮನೆಯ ಅಟ್ಟ ಖಾಲಿ ಮಾಡುವಾಗ, ಕಾಗದಪತ್ರಗಳ ಟ್ರಂಕಿನ ತಳದಲ್ಲಿ ಶಾಯಿ ಒಣಗಿದ ಪೆನ್ನೊಂದು ಸಿಗುವುದುಂಟು. ಮುಚ್ಚಳ ಎಳೆದರೆ ಅಚ್ಚರಿ: ನಿಬ್ಬೇ ಕಾಣುವುದಿಲ್ಲ. ಮೂತಿಯ ತುದಿಯಿಂದ ಚೂರೇ ಚೂರು ಚಿನ್ನ ಇಣುಕುತ್ತಿರುತ್ತದೆ. ‘ಇದು ಪಾರ್ಕರ್, ಸಾವಿರಾರು ರೂಪಾಯಿ ಬಾಳುತ್ತದೆ’ ಎನ್ನುತ್ತಾರೆ ಒಬ್ಬರು. ‘ಅಲ್ಲ, ಚೀನಾದ ಹೀರೋ’ ಎನ್ನುತ್ತಾರೆ ಇನ್ನೊಬ್ಬರು. ಈ ವಾದ ನಡೆದಿರುವಾಗಲೇ ಮೂರನೆಯವರು ಪಾಲಿಶ್ ಹಚ್ಚಿ ಉಜ್ಜಿ ಅದನ್ನು ಫಳಫಳ ಹೊಳೆಯಿಸಿರುತ್ತಾರೆ. ಜಗಳ ಬಗೆಹರಿಸಬಹುದಾಗಿದ್ದ ಸಾಕ್ಷ್ಯ ಅಲ್ಲಿಗೆ ಅಳಿಸಿಹೋಗಿರುತ್ತದೆ.

ಪೆನ್ನಿನ ಜಾತಕ ಇರುವುದು ಅದರ ಮೈಮೇಲೆ ಒತ್ತಿದ ಸಣ್ಣ ಅಕ್ಷರ, ಅಂಕಿ, ಚುಕ್ಕಿಗಳಲ್ಲಿ. ಅವುಗಳ ಆಳ ಕೂದಲೆಳೆಯಷ್ಟು. ಆದ್ದರಿಂದ ಸಂಗ್ರಾಹಕರು ಮೊದಲು ಕೈಗೆತ್ತಿಕೊಳ್ಳುವುದು ಬಟ್ಟೆಯನ್ನಲ್ಲ, ಭೂತಗನ್ನಡಿಯನ್ನು.

ಮುಸುಕಿನ ಹಿಂದೆ

ನಿಬ್ಬಿಗೆ ಮುಸುಕು ಹಾಕಿದ ಪೆನ್ನುಗಳಲ್ಲಿ ಪ್ರಸಿದ್ಧವಾದದ್ದು ‘ಪಾರ್ಕರ್ 51’. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜೇನ್ಸ್‌ವಿಲ್‌ನಲ್ಲಿ 1888ರಲ್ಲಿ ಆರಂಭವಾದ ಪಾರ್ಕರ್ ಕಂಪೆನಿಗೆ 1939ರಲ್ಲಿ 51 ತುಂಬಿತು. ಆಗ ರೂಪುಗೊಂಡ ಪೆನ್ನಿಗೆ ಅದೇ ಸಂಖ್ಯೆ ಹೆಸರಾಯಿತು. ಅದು ಮಾರುಕಟ್ಟೆಯಲ್ಲಿ ಹರಡಿದ್ದು 1941ರಿಂದ.

ಮುಸುಕು ಶೋಕಿಗಾಗಿ ಬಂದದ್ದಲ್ಲ. ಕಾಗದ ಮುಟ್ಟಿದೊಡನೆ ಒಣಗುವ ಶಾಯಿಯನ್ನು ಕಂಪೆನಿ ತಯಾರಿಸಿತ್ತು. ಅಂಥ ಶಾಯಿ ತೆರೆದ ನಿಬ್ಬಿನ ಮೇಲೂ ಒಣಗಿಬಿಡುತ್ತದಲ್ಲ! ಹಾಗಾಗಿ ನಿಬ್ಬನ್ನು ಒಳಗೆಳೆದುಕೊಳ್ಳಬೇಕಾಯಿತು. ಆ ಶಾಯಿ ಅಂದಿನ ಸೆಲ್ಯುಲಾಯ್ಡ್ ಕೊಳವೆಗಳನ್ನೂ ತಿನ್ನುತ್ತಿದ್ದುದರಿಂದ ಲೂಸೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಂತು. ವಿನ್ಯಾಸ ಗೆದ್ದದ್ದೇ ತಡ, ಹಲವು ದೇಶಗಳಲ್ಲಿ ಅನುಕರಣೆ ಶುರುವಾಯಿತು. ನಮ್ಮ ಶಾಲಾ ಮಕ್ಕಳ ಜೇಬಿನಲ್ಲಿದ್ದ ಷಾಂಘೈನ ಹೀರೋ ಕೂಡ ಅದೇ ಅಚ್ಚಿನದು. ಹೀರೋ 100 ಮಾದರಿಯಲ್ಲಿ ಚಿನ್ನದ ನಿಬ್ಬೂ ಇತ್ತು. ಆದ್ದರಿಂದ ಆಕಾರವಾಗಲಿ, ಚಿನ್ನವಾಗಲಿ ಪೆನ್ನಿನ ಕುಲವನ್ನು ಹೇಳಲಾರವು.

ಚುಕ್ಕಿಯ ಲೆಕ್ಕ

ಅಮೆರಿಕದಲ್ಲಿ ತಯಾರಾದ 40ರ ದಶಕದ ‘51’ರ ಕೊಳವೆಯ ಮೇಲೆ ಒಂದು ಅಂಕಿಯನ್ನು ಹುಡುಕಬೇಕು. ಅದು ಇಸವಿಯ ಕೊನೆಯ ಅಂಕಿ. ಜೊತೆಗಿರುವ ಚುಕ್ಕಿಗಳು ತಿಂಗಳುಗಳ ಲೆಕ್ಕ: ವರ್ಷದ ಮೊದಲ ಮೂರು ತಿಂಗಳಿಗೆ ಮೂರು ಚುಕ್ಕಿ, ಮುಂದಿನ ಮೂರಕ್ಕೆ ಎರಡು, ಆಮೇಲೆ ಒಂದು, ಕೊನೆಗೆ ಚುಕ್ಕಿಯೇ ಇಲ್ಲ. ‘6’ ಮತ್ತು ಎರಡು ಚುಕ್ಕಿ ಇದ್ದರೆ 1946ರ ಏಪ್ರಿಲ್–ಜೂನ್ ಅವಧಿಯ ಕೊಳವೆ ಎಂದರ್ಥ.

ಕೊಳವೆಯ ವಯಸ್ಸು ಪೂರ್ತಿ ಪೆನ್ನಿನ ವಯಸ್ಸೇ? ಉತ್ತರ ಹೊಟ್ಟೆಯೊಳಗಿದೆ. 1948ರವರೆಗಿನ ಪೆನ್ನುಗಳ ಬಾಲದಲ್ಲಿ ತಿರುಗಿಸಿ ತೆಗೆಯುವ ಪುಟ್ಟ ಮುಚ್ಚಳ, ಅದರಡಿ ಒತ್ತುವ ಗುಂಡಿ ಇರುತ್ತಿತ್ತು. ಒತ್ತಿ ಬಿಟ್ಟಂತೆಲ್ಲ ಒಳಗಿನ ರಬ್ಬರ್ ಪೊರೆ ಶಾಯಿಯನ್ನು ಮೇಲೆಳೆಯುತ್ತಿತ್ತು. ಇದು ‘ವ್ಯಾಕುಮ್ಯಾಟಿಕ್’ ಪದ್ಧತಿ. 1948ರಲ್ಲಿ ಬಂದ ‘ಏರೋಮೆಟ್ರಿಕ್’ನಲ್ಲಿ ಕೊಳವೆ ಬಿಚ್ಚಿದರೆ ಲೋಹದ ಕವಚದೊಳಗೆ ಹಿಂಡುವ ಚೀಲ ಕಾಣುತ್ತದೆ. ಈಗ ಎರಡನ್ನೂ ಜೋಡಿಸಿ ನೋಡಿ: ಕೊಳವೆ 1944 ಎನ್ನುತ್ತಿದೆ, ಒಳಗೆ ಲೋಹದ ಕವಚವಿದೆ. ಹಾಗಿದ್ದರೆ ರಿಪೇರಿಯವರು ಒಂದರ ಮೈಗೆ ಇನ್ನೊಂದರ ಕರುಳು ಕೂಡಿಸಿದ್ದಾರೆ. ಬರೆಯಲು ಅಡ್ಡಿಯಿಲ್ಲ, ಆದರೆ ಅದು ‘ಅಸಲಿ 1944’ ಎಂದು ಹಣ ಕೊಟ್ಟವರು ಮೋಸ ಹೋದಂತೆಯೇ.

ನಿಬ್ಬಿನ ಮೇಲಿನ ಬರಹವನ್ನೇ ನಂಬುವುದೂ ಅಪಾಯ. ನಿಬ್ಬು ಸವೆದಾಗ ಸಿಕ್ಕಿದ್ದನ್ನು ಹಾಕಿಸುವುದು ಎಲ್ಲೆಡೆಯ ರೂಢಿ. ‘ವಾರಂಟೆಡ್ 14 ಕ್ಯಾರೆಟ್’ ಎಂಬುದು ಚಿನ್ನದ ಗುಣಮಟ್ಟದ ಮಾತೇ ಹೊರತು ತಯಾರಕರ ಹೆಸರಲ್ಲ. ವಾಟರ್‌ಮನ್ ಕಂಪೆನಿಯ ಹಳೆಯ ಪೆನ್ನುಗಳಲ್ಲಿ ಕೊಳವೆಯ ತಳದ ಸಂಖ್ಯೆಯೇ ವಿವರಣೆ. ‘52’ ಎಂದರೆ ಪಕ್ಕದ ಸನ್ನೆಯಿಂದ ಶಾಯಿ ತುಂಬುವ, ಎರಡನೇ ಅಳತೆಯ ನಿಬ್ಬಿನ ಪೆನ್ನು. ‘452’ ಆದರೆ ಅದಕ್ಕೇ ಬೆಳ್ಳಿಯ ಹೊದಿಕೆ.

ಮೂಗಿಗೂ ಕೆಲಸ

ಹೆಸರು, ಅಂಕಿ ಏನೂ ಇಲ್ಲದಿದ್ದರೆ ಮೈಯ ವಸ್ತುವೇ ಸುಳಿವು. ಎಬೊನೈಟ್ ಎಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬೆರಳಿನಿಂದ ತುಸು ಬಿಸಿಯಾಗುವಂತೆ ತಿಕ್ಕಿದರೆ ಗಂಧಕದ ವಾಸನೆ, ಬಿಸಿಲಿಗೆ ಕಪ್ಪು ಕಂದಾಗುವ ಗುಣ. ಸೆಲ್ಯುಲಾಯ್ಡ್ ಆದರೆ ಕರ್ಪೂರದ ವಾಸನೆ. ಕಾದ ಸೂಜಿ ಚುಚ್ಚಿ ಪರೀಕ್ಷಿಸುವುದು ಸಲ್ಲದು, ಸೆಲ್ಯುಲಾಯ್ಡ್ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಹಾಲಿನ ಪ್ರೋಟೀನಿನಿಂದ ಮಾಡಿದ ಕೇಸೀನ್ ಪೆನ್ನುಗಳೂ ಇವೆ. ಅವನ್ನು ನೀರಿನಲ್ಲಿ ನೆನೆಹಾಕಿದರೆ ಉಬ್ಬಿ ಹಾಳಾಗುತ್ತವೆ. ವಸ್ತು ಯಾವುದೆಂದು ತಿಳಿಯುವ ಮುನ್ನ ತೊಳೆಯಬಾರದು ಎನ್ನುವುದು ಇದಕ್ಕೇ.

ಹಳೆಯದೆಲ್ಲ ವಿದೇಶಿಯೂ ಅಲ್ಲ. ಗಾಂಧೀಜಿಯವರ ಸ್ವದೇಶಿ ಕರೆಗೆ ಓಗೊಟ್ಟು ರಾಜಮಂಡ್ರಿಯ ರತ್ನಂ ಅವರು ಕೈಯಿಂದ ಕಡೆದ ಪೆನ್ನನ್ನು ಮೆಚ್ಚಿ ಗಾಂಧೀಜಿ 1935ರಲ್ಲಿ ಪತ್ರ ಬರೆದಿದ್ದರು. ಪರದೇಶದ ಹೆಸರಿಲ್ಲವೆಂದು ಬಿಸಾಡುವ ಎಬೊನೈಟ್ ಪೆನ್ನು ಅಂಥದ್ದೇ ಕೈಕೆಲಸವಾಗಿರಬಹುದು.

ಕೆಲವು ಪೆನ್ನುಗಳ ಮೇಲೆ ಒಡೆಯರ ಹೆಸರನ್ನೂ ಕೆತ್ತಿಸಿರುತ್ತಾರೆ. ಅದು ವ್ಯಾಪಾರಿಗೆ ಬೆಲೆ ಇಳಿಸುವ ಗೀರು. ಮನೆಯವರಿಗೆ, ಈ ಪೆನ್ನು ಯಾರ ಕೈಯಲ್ಲಿತ್ತು ಎಂದು ಹೇಳುವ ಒಂದೇ ಸಾಲು. ಪಾಲಿಶ್ ಮಾಡುವ ಬಟ್ಟೆ ಎರಡನ್ನೂ ಒಂದೇ ರೀತಿ ಅಳಿಸುತ್ತದೆ.