ಹಲ್ಲಿಗೆ ವೆನಿಯರ್: ಅಂಟಿಸುವ ಮುನ್ನ ತಿಳಿಯಬೇಕಾದದ್ದು

ಮದುವೆ ಗೊತ್ತಾದ ಕೂಡಲೇ ಹಲ್ಲಿನ ಡಾಕ್ಟರ ಬಳಿ ಹೋಗಿ, ‘ವೆನಿಯರ್ ಹಾಕಿಕೊಡಿ’ ಎಂದು ಕೇಳುವವರಿದ್ದಾರೆ. ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳುವಾದ ಹೊದಿಕೆಯೇ ವೆನಿಯರ್. ಇದನ್ನು ಪಿಂಗಾಣಿಯಿಂದಲೋ, ಹಲ್ಲಿನ ಬಣ್ಣದ ರೆಸಿನ್ ಆದ ಕಾಂಪೊಸಿಟ್‌ನಿಂದಲೋ ಮಾಡುತ್ತಾರೆ. ಸರಿಯಾದ ಹಲ್ಲಿಗೆ ಹಾಕಿದರೆ ಇದು ಒಳ್ಳೆಯ ಚಿಕಿತ್ಸೆ. ಆದರೆ ಇದರ ಸುತ್ತ ಹಬ್ಬಿರುವ ನಂಬಿಕೆಗಳನ್ನು ನೆಚ್ಚಿ ಆರೋಗ್ಯವಾಗಿರುವ ಹಲ್ಲನ್ನು ಉಜ್ಜಿಸಿಕೊಳ್ಳಬಾರದು.

ತಪ್ಪು ಕಲ್ಪನೆ: ಬೇಡವೆನಿಸಿದಾಗ ತೆಗೆಸಿದರಾಯಿತು.

ಸತ್ಯ: 1920ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ದಂತವೈದ್ಯ ಚಾರ್ಲ್ಸ್ ಪಿಂಕಸ್ ಹಾಲಿವುಡ್ ನಟರಿಗಾಗಿ ಮಾಡಿದ ಹೊದಿಕೆಗಳು ಹಾಗಿದ್ದವು. ಶೂಟಿಂಗ್ ಮುಗಿದ ಮೇಲೆ ಅವನ್ನು ತೆಗೆದಿಡಬಹುದಿತ್ತು. ಈಗಿನವು ಹಾಗಲ್ಲ. ಬಹುಪಾಲು ವೆನಿಯರ್‌ಗಳಿಗಾಗಿ ಹಲ್ಲಿನ ಮೇಲಿನ ಎನಾಮೆಲ್ ಅನ್ನು ಸುಮಾರು 0.3ರಿಂದ 0.7 ಮಿಲಿಮೀಟರ್ ಉಜ್ಜಿ, ಆಮ್ಲ ಸವರಿ ಒರಟು ಮಾಡಿ, ರೆಸಿನ್‌ನಿಂದ ಗಟ್ಟಿಯಾಗಿ ಅಂಟಿಸುತ್ತಾರೆ. ಎನಾಮೆಲ್ ಕಟ್ಟುವ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ನಾಶವಾಗಿರುತ್ತವೆ. ಹಾಗಾಗಿ ಉಜ್ಜಿದ ಭಾಗ ಮತ್ತೆ ಬೆಳೆಯುವುದಿಲ್ಲ. ಆ ಹಲ್ಲಿಗೆ ಮುಂದೆ ಸದಾ ಒಂದು ಹೊದಿಕೆ ಬೇಕೇ ಬೇಕು. ಉಜ್ಜದೆ ಹಾಕುವ ವಿಧಾನವೂ ಇದೆ, ಆದರೆ ಅದು ಎಲ್ಲರ ಹಲ್ಲಿಗೂ ಹೊಂದುವುದಿಲ್ಲ.

ತಪ್ಪು ಕಲ್ಪನೆ: ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಇರುತ್ತದೆ.

ಸತ್ಯ: ಪಿಂಗಾಣಿಯದು ಸಾಮಾನ್ಯವಾಗಿ 10ರಿಂದ 15 ವರ್ಷ ಬಾಳುತ್ತದೆ. ಕಾಂಪೊಸಿಟ್‌ನ ಬಾಳಿಕೆ ಅದಕ್ಕಿಂತ ಕಡಿಮೆ. 25ನೇ ವಯಸ್ಸಿಗೆ ಹಾಕಿಸಿಕೊಂಡವರು ಮುಂದೆ ಹಲವು ಸಲ ಬದಲಿಸಬೇಕಾಗಬಹುದು. ಖರ್ಚಿನ ಲೆಕ್ಕದಲ್ಲಿ ಇದೂ ಸೇರಬೇಕು. ನಿದ್ದೆಯಲ್ಲಿ ಹಲ್ಲು ಕಡಿಯುವವರು, ಉಗುರು ಕಚ್ಚುವವರ ವೆನಿಯರ್ ಬೇಗ ಮುರಿಯಬಹುದಾದ್ದರಿಂದ ಅವರು ಮೊದಲೇ ಡಾಕ್ಟರಿಗೆ ಹೇಳಬೇಕು.

ತಪ್ಪು ಕಲ್ಪನೆ: ವೆನಿಯರ್ ಹಾಕಿದ ಹಲ್ಲು ಹುಳುಕಾಗುವುದಿಲ್ಲ.

ಸತ್ಯ: ಪಿಂಗಾಣಿ ಹುಳುಕಾಗದು, ಅದರಡಿಯ ಹಲ್ಲು ಆಗಬಹುದು. ವಸಡಿಗೆ ತಾಗುವ ಅಂಚಿನಲ್ಲಿ ಪಾಚಿ ಕೂತರೆ ಹುಳುಕು ಅಲ್ಲಿಂದಲೇ ಒಳಗಿಳಿಯುತ್ತದೆ. ವಸಡಿನಲ್ಲಿ ರಕ್ತ ಬರುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು.

ತಪ್ಪು ಕಲ್ಪನೆ: ಉಬ್ಬು ಹಲ್ಲಿಗೆ ಕ್ಲಿಪ್ ಬೇಡ, ವೆನಿಯರ್ ಸಾಕು.

ಸತ್ಯ: ಸಣ್ಣ ಸಂದು, ಚೂರು ಮುರಿದ ತುದಿ, ತುಸು ಓರೆಗೆ ಇದು ಸರಿ. ಮುಂದೆ ಚಾಚಿದ ಹಲ್ಲನ್ನು ಸಮವಾಗಿ ಕಾಣಿಸಲು ಹೊರಟರೆ ಎನಾಮೆಲ್ ದಾಟಿ ಒಳಪದರದವರೆಗೂ ಉಜ್ಜಬೇಕಾಗುತ್ತದೆ. ಆಗ ತಣ್ಣೀರು ತಾಕಿದರೂ ಹಲ್ಲು ಜುಮ್ಮೆನ್ನುತ್ತದೆ. ನರಕ್ಕೆ ಪೆಟ್ಟಾದರೆ ರೂಟ್ ಕೆನಾಲ್ ಬೇಕಾಗಬಹುದು. ವಸಡು ಗಟ್ಟಿಯಿದ್ದರೆ ದೊಡ್ಡವರೂ ಕ್ಲಿಪ್ ಹಾಕಿಸಬಹುದು. ಸಮಯ ಹಿಡಿದರೂ ಹಲ್ಲು ಉಳಿಯುತ್ತದೆ.

ತಪ್ಪು ಕಲ್ಪನೆ: ಕಂದು ಕಲೆಗೆ ವೆನಿಯರೊಂದೇ ದಾರಿ.

ಸತ್ಯ: ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು, ಕೊಪ್ಪಳದ ಕಡೆ ಅನೇಕ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಲ್ಲಿ 1.5 ಮಿತಿ ಎನ್ನುತ್ತದೆ ಭಾರತೀಯ ಮಾನಕ. ಬಾಲ್ಯದಲ್ಲಿ, ವಸಡಿನೊಳಗೆ ಹಲ್ಲು ರೂಪುಗೊಳ್ಳುವಾಗಲೇ ಹೆಚ್ಚಿನ ಫ್ಲೋರೈಡ್ ಎನಾಮೆಲ್ ಅನ್ನು ಕೆಡಿಸಿ ಕಲೆ ಮಾಡುವುದರಿಂದ ಎಷ್ಟು ಉಜ್ಜಿದರೂ ಕಲೆ ಹೋಗದು. ಇದು ಸರಿಯಾಗಿ ಹಲ್ಲುಜ್ಜದವರ ತಪ್ಪೆಂದು ಯಾರನ್ನೂ ಹಂಗಿಸಬಾರದು. ಕಲೆ ತಿಳಿಯಾಗಿದ್ದರೆ ಮೇಲ್ಪದರವನ್ನಷ್ಟೇ ಸವೆಸುವ ಮೈಕ್ರೊಅಬ್ರೇಶನ್, ಬ್ಲೀಚಿಂಗ್‌ಗಳಿಂದಲೇ ಗುಣ ಕಾಣಬಹುದು. ಗುಂಡಿ ಬಿದ್ದು ಎನಾಮೆಲ್ ಕಿತ್ತುಬರುವಷ್ಟಾಗಿದ್ದರೆ ಕಾಂಪೊಸಿಟ್, ವೆನಿಯರ್ ಅಥವಾ ಕ್ಯಾಪಿನ ಯೋಚನೆ ಸರಿ.

ತಪ್ಪು ಕಲ್ಪನೆ: ಬ್ಯೂಟಿ ಪಾರ್ಲರಿನಲ್ಲೂ ಮಾಡಿಸಬಹುದು.

ಸತ್ಯ: ಕಾನೂನಿನ ಪ್ರಕಾರ ನೋಂದಾಯಿತ ದಂತವೈದ್ಯರಷ್ಟೇ ಹಲ್ಲಿನ ಚಿಕಿತ್ಸೆ ಮಾಡಬಹುದು. ಅವರನ್ನೂ ನಾಲ್ಕು ಮಾತು ಕೇಳಿ: ಎಷ್ಟು ಉಜ್ಜುತ್ತೀರಿ? ಉಜ್ಜದೆ ಆಗುವ ದಾರಿ ಇದೆಯೇ? ಮುರಿದರೆ ಮುಂದೇನು? ಮೊದಲು ತಾತ್ಕಾಲಿಕವಾಗಿ ಅಂಟಿಸಿ ತೋರಿಸುತ್ತೀರಾ? ಕ್ಲೀನಿಂಗ್, ಬ್ಲೀಚಿಂಗ್, ಕ್ಲಿಪ್‌ಗಳಿಂದ ಆಗುವ ಕೆಲಸಕ್ಕೆ ಎನಾಮೆಲ್ ಕಳೆದುಕೊಳ್ಳಬೇಡಿ. ಅವುಗಳಿಂದ ಆಗದು ಎಂದು ಖಚಿತವಾದ ಮೇಲೆಯೇ ವೆನಿಯರ್‌ಗೆ ಒಪ್ಪಿಕೊಳ್ಳಿ.