ಪಣದ ಗಣಿತ: ಗೆಲ್ಲುವವರು ಯಾರು?

ಅಣ್ಣ ತಮ್ಮ ಇಬ್ಬರೂ ಓಟದ ಪಂದ್ಯ ಕಟ್ಟುತ್ತಾರೆ. ಅಣ್ಣನಿಗೆ ಹದಿನಾರು, ತಮ್ಮನಿಗೆ ಒಂಬತ್ತು. ಓಡುವ ಮೊದಲೇ ಫಲಿತಾಂಶ ಎಲ್ಲರಿಗೂ ಗೊತ್ತು. ಆಗ ಅಣ್ಣ, ‘ನಿನಗೆ ಇಪ್ಪತ್ತು ಹೆಜ್ಜೆ ಬಿಟ್ಟುಕೊಡುತ್ತೇನೆ, ಮುಂದೆ ನಿಂತು ಓಡು’ ಎನ್ನುತ್ತಾನೆ. ಈಗ ಪಂದ್ಯಕ್ಕೆ ಕಳೆ ಬರುತ್ತದೆ. ಯಾರು ಗೆಲ್ಲುತ್ತಾರೋ ನೋಡೋಣ ಎಂದು ಬೀದಿಯ ಮಕ್ಕಳೆಲ್ಲ ಸೇರುತ್ತಾರೆ.

ಆ ಇಪ್ಪತ್ತು ಹೆಜ್ಜೆಗೆ ಇಂಗ್ಲಿಷಿನಲ್ಲಿ ಇರುವ ಹೆಸರು ‘ಹ್ಯಾಂಡಿಕ್ಯಾಪ್’. ‘ಟೋಪಿಯೊಳಗೆ ಕೈ’ ಎಂಬರ್ಥದ ಹಳೆಯ ವಿನಿಮಯದ ಆಟವೊಂದರಿಂದ ಬಂದ ಮಾತಿದು. ಬಲಿಷ್ಠನಿಗೆ ಭಾರ ಹೇರಿ ಅಥವಾ ದುರ್ಬಲನಿಗೆ ರಿಯಾಯಿತಿ ಕೊಟ್ಟು ಇಬ್ಬರನ್ನೂ ಸರಿಸಮ ಮಾಡುವುದೇ ಇದರ ಉದ್ದೇಶ. ಆಟದ ಮಟ್ಟಿಗೆ ಇದೊಂದು ಸುಂದರ ಕಲ್ಪನೆ. ಆದರೆ ಇದೇ ಕಲ್ಪನೆ ಬುಕ್ಕಿಯ ಕೈಗೆ ಸಿಕ್ಕಾಗ ಏನಾಗುತ್ತದೆ? ಮೊಬೈಲ್ ಫೋನಿನ ಮೂಲಕ ಬೆಟ್ಟಿಂಗ್ ಹಾಸ್ಟೆಲ್ ಕೋಣೆಯವರೆಗೂ ಬಂದಿರುವ ಈ ಕಾಲದಲ್ಲಿ ವಿದ್ಯಾರ್ಥಿಗಳೂ ಪೋಷಕರೂ ಈ ಲೆಕ್ಕವನ್ನು ಅರಿಯುವುದು ಒಳ್ಳೆಯದು. ಇದಕ್ಕೆ ಹೈಸ್ಕೂಲಿನ ಗಣಿತವೇ ಸಾಕು.

ಬೆನ್ನ ಮೇಲಿನ ಸೀಸ

ಹ್ಯಾಂಡಿಕ್ಯಾಪ್ ಪದ್ಧತಿ ಬೆಳೆದದ್ದು ಕುದುರೆ ಪಂದ್ಯಗಳಲ್ಲಿ. ಹಿಂದಿನ ಪಂದ್ಯಗಳ ಸಾಧನೆ ನೋಡಿ ಪ್ರತಿ ಕುದುರೆಗೂ ಅಂಕ ಕೊಡುತ್ತಾರೆ. ಹೆಚ್ಚು ಅಂಕದ ಕುದುರೆ ಹೆಚ್ಚು ತೂಕ ಹೊರಬೇಕು. ಜಾಕಿಯ ತೂಕ ಸಾಲದಿದ್ದರೆ ಜೀನಿನ ಚೀಲದಲ್ಲಿ ಸೀಸದ ತುಂಡುಗಳನ್ನು ಇಡುತ್ತಾರೆ. ಬೆಂಗಳೂರು, ಮೈಸೂರಿನ ರೇಸ್ ಕೋರ್ಸ್‌ಗಳಲ್ಲೂ ಇಂತಹ ಪಂದ್ಯಗಳು ನಡೆದಿವೆ.

1861ರಲ್ಲಿ ಆರಂಭವಾದ ಆಸ್ಟ್ರೇಲಿಯಾದ ಮೆಲ್ಬರ್ನ್ ಕಪ್ ಇಂತಹ ಪಂದ್ಯಗಳಲ್ಲಿ ಪ್ರಸಿದ್ಧವಾದುದು. ಅಲ್ಲಿ 1930ರಲ್ಲಿ ಗೆದ್ದ ಫಾರ್ ಲ್ಯಾಪ್ ಎಂಬ ಕುದುರೆಯ ಬೆನ್ನ ಮೇಲೆ ಸುಮಾರು 62.5 ಕಿಲೋ ಭಾರವಿತ್ತು. ಮರುವರ್ಷ ಅದಕ್ಕೆ ಹೊರಿಸಿದ್ದು 68 ಕಿಲೋ. ಸಾಲುಸಾಲು ಪಂದ್ಯ ಗೆದ್ದು ದೇಶದ ಕಣ್ಮಣಿಯಾಗಿದ್ದ ಆ ಕುದುರೆ ಎಂಟನೆಯದಾಗಿ ಗುರಿ ಮುಟ್ಟಿತು! ಕುದುರೆ ಉತ್ತಮವೋ ಅಲ್ಲವೋ ಎಂಬುದಲ್ಲ ಪ್ರಶ್ನೆ. ಹೇರಿದ ಭಾರಕ್ಕಿಂತ ಉತ್ತಮವೋ ಎಂಬುದು.

ಗೋಲಿನ ಕೂಡು-ಕಳೆ

ಫುಟ್‌ಬಾಲ್ ತಂಡದ ಬೆನ್ನಿಗೆ ಸೀಸ ಕಟ್ಟಲಾಗದು. ಆದ್ದರಿಂದ ಬುಕ್ಕಿಗಳು ಕಾಗದದ ಮೇಲೆ ಗೋಲು ಕಳೆಯುತ್ತಾರೆ. ಬಲಿಷ್ಠ ತಂಡಕ್ಕೆ ‘ಮೈನಸ್ ಒಂದೂವರೆ’ ಎಂದರೆ ಅದರ ಗೋಲುಗಳಿಂದ 1.5 ಕಳೆದು ಫಲಿತಾಂಶ ನೋಡಬೇಕು. ತಂಡ 2-1ರಿಂದ ಗೆದ್ದರೆ ಲೆಕ್ಕದಲ್ಲಿ ಅದು 0.5-1 ಆಗುತ್ತದೆ. ಮೈದಾನದಲ್ಲಿ ಗೆಲುವು, ಪಣದಲ್ಲಿ ಸೋಲು! ‘ಮೈನಸ್ ಒಂದು’ ಇದ್ದು ಒಂದೇ ಗೋಲಿನಿಂದ ಗೆದ್ದರೆ ಲೆಕ್ಕ ಸಮವಾಗಿ, ಕಟ್ಟಿದ ಹಣ ವಾಪಸು ಬರುತ್ತದೆ. ‘ಮೈನಸ್ ಮುಕ್ಕಾಲು’ ಎಂದರೆ ಅರ್ಧ ಹಣ ‘ಮೈನಸ್ ಅರ್ಧ’ಕ್ಕೆ, ಉಳಿದರ್ಧ ‘ಮೈನಸ್ ಒಂದ’ಕ್ಕೆ. ‘ಏಷ್ಯನ್ ಹ್ಯಾಂಡಿಕ್ಯಾಪ್’ ಎನ್ನುವುದು ಇದನ್ನೇ. ಅಮೆರಿಕದಲ್ಲಿ ಅಂಕಗಳ ಅಂತರದ ಮೇಲೆ ಪಣ ಕಟ್ಟುವ ಪದ್ಧತಿಯನ್ನು 1940ರ ದಶಕದಲ್ಲಿ ಬಳಕೆಗೆ ತಂದವನೆಂದು ಹೆಸರಾದ ಚಾರ್ಲ್ಸ್ ಮೆಕ್‌ನೀಲ್ ಮೊದಲು ಗಣಿತದ ಮೇಷ್ಟ್ರಾಗಿದ್ದವನು.

2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿ ಬ್ರೆಜಿಲ್ ತಂಡವನ್ನು 7-1ರಿಂದ ಸೋಲಿಸಿತು. ಜರ್ಮನಿಯ ಲೆಕ್ಕದಿಂದ ಐದು ಗೋಲು ಕಳೆದಿದ್ದರೂ ಗೆಲುವು ಅದರದೇ. 2022ರಲ್ಲಿ ಕಪ್ ಗೆದ್ದ ಅರ್ಜೆಂಟೀನಾ ಮೊದಲ ಪಂದ್ಯದಲ್ಲೇ ಸೌದಿ ಅರೇಬಿಯಾಕ್ಕೆ 1-2ರಿಂದ ಸೋತಿತು. ಇವೆರಡನ್ನೂ ಮೊದಲೇ ಹೇಳಬಲ್ಲವರು ಎಷ್ಟು ಮಂದಿ?

ಇಲ್ಲೊಂದು ಸೂಕ್ಷ್ಮವಿದೆ. ‘ನನಗೆ ಆಟ ಚೆನ್ನಾಗಿ ಗೊತ್ತು, ಯಾವ ತಂಡ ಬಲಿಷ್ಠ ಎಂದು ಹೇಳಬಲ್ಲೆ’ ಎಂದು ಹುಡುಗರು ವಾದಿಸುತ್ತಾರೆ. ಆದರೆ ಬಲಿಷ್ಠ ತಂಡದ ಬಲವನ್ನೆಲ್ಲ ಆ ‘ಒಂದೂವರೆ’ ಎಂಬ ಅಂಕೆ ಮೊದಲೇ ನುಂಗಿರುತ್ತದೆ. ಉಳಿಯುವುದು ನಾಣ್ಯ ಚಿಮ್ಮಿದಷ್ಟೇ ಅನಿಶ್ಚಯ. ಹ್ಯಾಂಡಿಕ್ಯಾಪ್ ಇರುವುದೇ ಅದಕ್ಕಾಗಿ.

ಬುಕ್ಕಿಯ ಸಂಬಳ

ಇನ್ನು ದರದ ಮಾತು. ‘ಮೂರಕ್ಕೆ ಒಂದು’ ಎಂದರೆ ಒಂದು ರೂಪಾಯಿ ಕಟ್ಟಿ ಗೆದ್ದರೆ ಮೂರು ರೂಪಾಯಿ ಲಾಭ. ದಶಮಾಂಶದಲ್ಲಿ ಇದನ್ನು 4.00 ಎಂದು ಬರೆಯುತ್ತಾರೆ; ಕಟ್ಟಿದ ರೂಪಾಯಿಯೂ ಸೇರಿ ಕೈಗೆ ಬರುವುದು ನಾಲ್ಕು. ಒಂದನ್ನು ಈ ದರದಿಂದ ಭಾಗಿಸಿದರೆ ಅದರೊಳಗೆ ಅಡಗಿರುವ ಸಂಭವನೀಯತೆ ಹೊರಬೀಳುತ್ತದೆ: ನಾಲ್ಕರಲ್ಲಿ ಒಂದು, ಅಂದರೆ ಶೇ 25.

ನಾಣ್ಯ ಚಿಮ್ಮುವಂತಹ ಸರಿಸಮ ಪಂದ್ಯಕ್ಕೆ ನ್ಯಾಯವಾದ ದರ ಎರಡೂ ಕಡೆಗೆ 2.00 ಇರಬೇಕು. ಬುಕ್ಕಿ ಕೊಡುವುದು 1.90 ಎಂದಿಟ್ಟುಕೊಳ್ಳಿ. ಒಂದನ್ನು 1.90ರಿಂದ ಭಾಗಿಸಿ ನೋಡಿ. ಒಂದೊಂದು ಕಡೆಗೆ ಶೇ 52.63 ಬರುತ್ತದೆ. ಎರಡನ್ನೂ ಕೂಡಿಸಿದರೆ ಶೇ 105.26! ನೂರಕ್ಕಿಂತ ಹೆಚ್ಚಾದ ಆ ಐದೂ ಚಿಲ್ಲರೆಯೇ ಬುಕ್ಕಿಯ ಸಂಬಳ.

ಎರಡೂ ಕಡೆ ಹತ್ತು ಹತ್ತು ಸಾವಿರ ಸೇರಿದರೆ ಅವನ ಕೈಯಲ್ಲಿ 20,000 ರೂಪಾಯಿ. ಯಾರೇ ಗೆಲ್ಲಲಿ, ಅವನು ಕೊಡಬೇಕಾದದ್ದು 19,000. ಅವನಿಗೆ ಪಂದ್ಯ ನೋಡುವ ಅಗತ್ಯವೂ ಇಲ್ಲ! ಆಡುವವನ ಪಾಡು ಬೇರೆ. ನೂರು ರೂಪಾಯಿಯಂತೆ ನೂರು ಸಲ ಕಟ್ಟಿ ಐವತ್ತು ಸಲ ಗೆದ್ದರೆ 10,000ಕ್ಕೆ 9,500 ಮರಳುತ್ತದೆ. ಐವತ್ತೆರಡು ಸಲ ಗೆದ್ದರೂ ನಷ್ಟವೇ. ಐವತ್ತಮೂರಕ್ಕೆ ಸಿಗುವ ಲಾಭ ಎಪ್ಪತ್ತು ರೂಪಾಯಿ.

ಐದು ಪಂದ್ಯ ಒಟ್ಟಿಗೆ ಜೋಡಿಸಿ, ಐದೂ ಸರಿಯಾದರೆ ದೊಡ್ಡ ಮೊತ್ತ ಎಂಬ ಆಮಿಷವೂ ಉಂಟು. ಐದು ಸಲ 1.90 ಗುಣಿಸಿದರೆ 24.76. ನ್ಯಾಯದ ಲೆಕ್ಕದಲ್ಲಿ ಐದು ಸಲ ಎರಡು, ಅಂದರೆ 32 ಸಿಗಬೇಕಿತ್ತು. ನೂರಕ್ಕೆ ಐದರ ಕಡಿತ ಇಲ್ಲಿ ಇಪ್ಪತ್ತೆರಡಕ್ಕೂ ಮೇಲೇರಿದೆ.

ದುಪ್ಪಟ್ಟಿನ ಬಲೆ

‘ಸೋತರೆ ಮುಂದಿನ ಸಲ ದುಪ್ಪಟ್ಟು ಕಟ್ಟು, ಒಮ್ಮೆ ಗೆದ್ದರೆ ಎಲ್ಲವೂ ವಾಪಸು’ ಎಂಬುದು ಜೂಜುಕೋರರ ಹಳೆಯ ತಂತ್ರ. ‘ಕಳೆದುಕೊಂಡಲ್ಲೇ ಹುಡುಕಬೇಕು’ ಎಂಬ ಗಾದೆ ಇಲ್ಲಿ ನಡೆಯದು. ಬರೆದು ನೋಡಿ: 100, 200, 400, 800 ಸೋತಾಗ ಒಟ್ಟು ನಷ್ಟ 1,500. ಐದನೆಯ ಸಲ 1,600 ಕಟ್ಟಿ ಗೆದ್ದರೆ 1.90ರ ದರದಲ್ಲಿ ಸಿಗುವ ಲಾಭ 1,440. ಗೆದ್ದ ಮೇಲೂ ಅರವತ್ತು ರೂಪಾಯಿ ನಷ್ಟ! ಸತತ ಹತ್ತು ಸಲ ಸೋತರೆ ಹೋಗುವುದು 1,02,300 ರೂಪಾಯಿ. ಆರಂಭವಾದದ್ದು ಮಾತ್ರ ಒಂದು ನೂರರ ನೋಟಿನಿಂದ.

ಐದು ಸಲ ಸರಿ ಹೇಳಿದವನು

ವಾಟ್ಸ್ಆ್ಯಪ್, ಟೆಲಿಗ್ರಾಂಗಳಲ್ಲಿ ‘ಖಚಿತ ಭವಿಷ್ಯ’ ಹೇಳುವವರಿದ್ದಾರೆ. ಅಂಥವನೊಬ್ಬ 1,024 ಮಂದಿಯ ಫೋನ್ ಸಂಖ್ಯೆ ಸಂಪಾದಿಸಿ, ಅರ್ಧ ಜನರಿಗೆ ‘ಈ ತಂಡ ಗೆಲ್ಲುತ್ತದೆ’ ಎಂದೂ ಇನ್ನರ್ಧಕ್ಕೆ ‘ಆ ತಂಡ’ ಎಂದೂ ಸಂದೇಶ ಕಳಿಸುತ್ತಾನೆ ಎನ್ನಿ. ಪಂದ್ಯ ಮುಗಿದಾಗ 512 ಮಂದಿಗೆ ಅವನ ಮಾತು ನಿಜವಾಗಿರುತ್ತದೆ. ಉಳಿದವರನ್ನು ಕೈಬಿಟ್ಟು ಅವರಿಗೆ ಮಾತ್ರ ಮುಂದಿನ ಸಂದೇಶ. ಐದು ಪಂದ್ಯಗಳ ನಂತರ 32 ಮಂದಿಗೆ ಅವನು ಒಮ್ಮೆಯೂ ತಪ್ಪದ ಜ್ಞಾನಿ! ಆರನೆಯ ಭವಿಷ್ಯಕ್ಕೆ ಅವನು ಹಣ ಕೇಳಿದರೆ ಅವರು ಕೊಡದೆ ಇರುತ್ತಾರೆಯೇ? ಅವನಿಗೆ ಆಟದ ಗಂಧವೂ ಗೊತ್ತಿರಬೇಕಿಲ್ಲ.

ಸೂತ್ರ ಹೇಳುವ ಉತ್ತರ

ಹಾಗಾದರೆ ಗಣಿತ ಒಪ್ಪುವ ತಂತ್ರವೇ ಇಲ್ಲವೇ? ಇದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಜೆ. ಎಲ್. ಕೆಲ್ಲಿ 1956ರಲ್ಲಿ ಒಂದು ಸೂತ್ರ ಕೊಟ್ಟ. ಗೆಲ್ಲುವ ಸಂಭವನೀಯತೆಯನ್ನು ರೂಪಾಯಿಗೆ ಸಿಗುವ ಲಾಭದಿಂದ ಗುಣಿಸಿ, ಅದರಿಂದ ಸೋಲುವ ಸಂಭವನೀಯತೆಯನ್ನು ಕಳೆದು, ಉಳಿದದ್ದನ್ನು ಮತ್ತೆ ಆ ಲಾಭದಿಂದ ಭಾಗಿಸಬೇಕು. ಬರುವ ಉತ್ತರವೇ ನಿಮ್ಮ ಹಣದಲ್ಲಿ ಎಷ್ಟು ಪಾಲು ಕಟ್ಟಬಹುದು ಎಂಬುದು.

ನಮ್ಮ ಉದಾಹರಣೆಗೆ ಹಚ್ಚೋಣ. ಗೆಲುವು 0.5, ಲಾಭ 0.9, ಗುಣಿಸಿದರೆ 0.45. ಸೋಲು 0.5 ಕಳೆದರೆ ಉತ್ತರ ಸೊನ್ನೆಗಿಂತ ಕೆಳಗೆ! ಅಂದರೆ ಒಂದು ಪೈಸೆಯನ್ನೂ ಕಟ್ಟಬೇಡ ಎನ್ನುತ್ತದೆ ಸೂತ್ರ. ನೂರಕ್ಕೆ ಐವತ್ತೈದು ಸಲ ಗೆಲ್ಲುವಷ್ಟು ನೈಪುಣ್ಯ ನಿಜವಾಗಿಯೂ ಇದ್ದವನಿಗೂ ಶೇ 5ಕ್ಕಿಂತ ಹೆಚ್ಚು ಕಟ್ಟಲು ಅದು ಬಿಡುವುದಿಲ್ಲ. ಬೆಟ್ಟಿಂಗ್ ಕಾನೂನುಬದ್ಧವಾಗಿರುವ ಬ್ರಿಟನ್‌ನಂಥ ದೇಶಗಳಲ್ಲೂ ಸತತವಾಗಿ ಗೆಲ್ಲುವ ಗಿರಾಕಿಯ ಪಣಕ್ಕೆ ಕಂಪೆನಿಗಳು ಮಿತಿ ಹಾಕುತ್ತವೆ. ಸೋಲುವವನಿಗೆ ಮಾತ್ರ ಬಾಗಿಲು ಸದಾ ತೆರೆದಿರುತ್ತದೆ.

ಕಾನೂನು ಏನೆನ್ನುತ್ತದೆ?

ಕುದುರೆ ಪಂದ್ಯ ಕೌಶಲ್ಯದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ನೀಡಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲ್ಯ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ. 1872ರ ಕರಾರು ಕಾಯಿದೆಯ 30ನೇ ಕಲಮಿನ ಪ್ರಕಾರ ಪಣದ ಒಪ್ಪಂದಕ್ಕೆ ಬೆಲೆಯೇ ಇಲ್ಲ. ಬುಕ್ಕಿ ಗೆದ್ದ ಹಣ ಕೊಡದಿದ್ದರೆ ದಾವೆ ಹೂಡುವಂತಿಲ್ಲ.

ತಂದೆ ತಾಯಿಗಳಿಗೆ

ಇಷ್ಟೆಲ್ಲ ಲೆಕ್ಕ ಗೊತ್ತಿದ್ದೂ ಆಡುವವರಿದ್ದಾರೆ. ಏಕೆಂದರೆ ಗೀಳಿಗೆ ಗಣಿತ ಕೇಳಿಸುವುದಿಲ್ಲ. ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಶುಲ್ಕದ ಹಣ ಎಲ್ಲಿ ಹೋಯಿತೆಂದು ಹೇಳದಿರುವುದು, ಗೆಳೆಯರಲ್ಲಿ, ಸಾಲದ ಆ್ಯಪ್‌ಗಳಲ್ಲಿ ಕೈಗಡ, ರಾತ್ರಿಯಿಡೀ ಫೋನು, ಪಂದ್ಯ ಮುಗಿದೊಡನೆ ಕಾರಣವಿಲ್ಲದ ಸಿಟ್ಟು ಅಥವಾ ಮೌನ – ಇವು ಕಂಡರೆ ಬೈಗುಳದಿಂದ ಆರಂಭಿಸಬೇಡಿ. ಬೈಗುಳಕ್ಕೆ ಹೆದರಿದ ಹುಡುಗ ಮನೆಗೆ ಹೇಳುವ ಬದಲು, ಸಾಲ ತೀರಿಸಲು ಇನ್ನೊಂದು ಪಣ ಕಟ್ಟುತ್ತಾನೆ. ಬುಕ್ಕಿಗೆ ಬೇಕಾದದ್ದೂ ಅದೇ.

ಎಷ್ಟು ಹೋಗಿದೆ ಎಂಬುದನ್ನು ಒಟ್ಟಿಗೆ ಕುಳಿತು ಕಾಗದದ ಮೇಲೆ ಬರೆಯಿರಿ. ಹೋದ ಹಣ ಹೋಯಿತೆಂದು ಒಪ್ಪಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಆನ್‌ಲೈನ್ ಆಟಗಳ ಗೀಳಿಗೆಂದೇ 2014ರಿಂದ ಚಿಕಿತ್ಸಾಲಯವಿದೆ. ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಇನ್ನೂ ಅಂತಹ ತೊಂದರೆ ಇಲ್ಲದಿದ್ದರೆ ಇವತ್ತೇ ಒಂದು ಕೆಲಸ ಮಾಡಬಹುದು. ಮಗನಿಗೋ ಮಗಳಿಗೋ ಒಂದು ನಾಣ್ಯ ಕೊಟ್ಟು ನೂರು ಸಲ ಚಿಮ್ಮಲು ಹೇಳಿ. ಗೆದ್ದರೆ ತೊಂಬತ್ತು ಪೈಸೆ ಜಮೆ, ಸೋತರೆ ಒಂದು ರೂಪಾಯಿ ಖರ್ಚು ಎಂದು ಬರೆಯುತ್ತಾ ಹೋಗಲಿ. ಮನೆಯವರೆಲ್ಲರೂ ನೂರು ನೂರು ಸಲ ಚಿಮ್ಮಿ ಲೆಕ್ಕ ಕೂಡಿಸಿ. ಒಬ್ಬರಿಬ್ಬರಿಗೆ ಲಾಭ ಬಂದೀತು. ಮನೆಯ ಒಟ್ಟು ಲೆಕ್ಕ ಬಹುಮಟ್ಟಿಗೆ ನಷ್ಟದ ಕಡೆಗೇ ವಾಲುತ್ತದೆ. ಚಿಮ್ಮಿದಷ್ಟೂ ಅದು ಇನ್ನೂ ಸ್ಪಷ್ಟವಾಗುತ್ತದೆ.